ಹಸಿರಾಗದ ಗಿಣಿಗಳು

ಮಲ್ಲಂದೂರಿನ ದಾರಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ಮನೆಯಲ್ಲಿ ನಾನು, ಯಜಮಾನರು, ನಮ್ಮತ್ತೆ, ಇಷ್ಟೇ ಜನ. ಅತ್ತೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿದ ಮೇಲೆಯೇ ಕಾಫಿ ಕುಡಿಯುವವರು. ಮೊಟ್ಟೆ ಎನ್ನುವ ಮಾತನ್ನೂ ಅವರೆದುರು ಆಡುವಂತಿಲ್ಲ. ಪೇಟೆಯಿಂದ ಕೇಕು ತಂದರೆ ಅದನ್ನು ಮೂರು ಸಲ ಮೂಸಿ, "ಅಂಗಡಿಯವನನ್ನ ಸರಿಯಾಗಿ ಕೇಳಿದ್ಯಾ?" ಎಂದು ವಿಚಾರಣೆ ಮಾಡಿ, ಕೊನೆಗೆ ತಿನ್ನದೆ ನಾಯಿಗೆ ಹಾಕುತ್ತಾರೆ. ಇಂಥ ಮನೆಯಲ್ಲಿ ಕೋಳಿ ಸಾಕುವ ಯೋಚನೆ ತಲೆಗೆ ಬರಬೇಕಾದರೆ ಅದು ಯಜಮಾನರ ತಲೆಯೇ ಆಗಿರಬೇಕು.

ಅವರ ತಪ್ಪೂ ಪೂರ್ತಿ ಇಲ್ಲ. ಆ ಬೇಸಗೆಯಲ್ಲಿ ಕೇಕು ತಿನ್ನುವ ನಮ್ಮ ನಾಯಿಯ ಮೈತುಂಬ ಉಣುಗು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಎಲ್ಲೆಂದರಲ್ಲಿ ಕಡಲೆಕಾಳಿನ ಹಾಗೆ ಊದಿಕೊಂಡು ಕೂತಿರುತ್ತಿದ್ದವು. ನಾಯಿ ತೋಟ ಸುತ್ತಿ ಬಂದರೆ ಸಾಕು, ಜಗಲಿಯ ಮೇಲೆಲ್ಲ ಉದುರಿಸುತ್ತಿತ್ತು. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯ ಸುದ್ದಿ ಬೇರೆ ಅಲ್ಲಲ್ಲಿ ಕೇಳಿಬರುತ್ತಿತ್ತು. ತೋಟಕ್ಕೆ ಹೋಗುವಾಗ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗಿ ಎಂದು ಆಸ್ಪತ್ರೆಯವರು ಹೇಳಿಹೋಗಿದ್ದರು. ಅದೇ ಸಮಯಕ್ಕೆ ಯಜಮಾನರು ಫೋನಿನಲ್ಲಿ ಏನೋ ನೋಡಿ, ಗಿನಿ ಕೋಳಿ ಎಂಬುದೊಂದಿದೆ, ಅದಕ್ಕೆ ಉಣುಗು ಎಂದರೆ ಪಂಚಪ್ರಾಣ, ಹಾವನ್ನೂ ಹತ್ತಿರ ಸೇರಿಸುವುದಿಲ್ಲ ಎಂದು ನನಗೆ ಪಾಠ ಮಾಡಿದರು. ಮೂಡಿಗೆರೆಯ ಕಡೆ ಯಾರೋ ಮರಿ ಮಾರುತ್ತಾರಂತೆ ಎಂದರು.

"ಅತ್ತೆಗೆ ಏನು ಹೇಳ್ತೀರಿ?" ಎಂದೆ.

"ಹಕ್ಕಿ ಅಂತ ಹೇಳೋಣ. ಕೋಳಿಯೂ ಹಕ್ಕಿನೇ ತಾನೆ?" ಎಂದರು. ಈ ಮನುಷ್ಯ ಕಾನೂನು ಓದಬೇಕಿತ್ತು.

ಮರುವಾರವೇ ಜೀಪಿನ ಹಿಂದಿನ ಸೀಟಿನಲ್ಲಿ ತೂತು ಕೊರೆದ ರಟ್ಟಿನ ಪೆಟ್ಟಿಗೆ ಬಂತು. ಅತ್ತೆ ಜಗಲಿಯಲ್ಲಿ ಕೂತು ಮೆಣಸು ಆರಿಸುತ್ತಿದ್ದರು. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸೋಣ ಎಂದರೆ, ಮಳೆ ಮುಗಿಯಲಿ ಎಂದು ಮುಂದಕ್ಕೆ ಹಾಕುತ್ತಲೇ ಇದ್ದರು. ಕಣ್ಣು ಮಂಜಾದರೂ ಕಿವಿ ಚುರುಕು.

"ಎಂಥದೋ ಅದು, ಚಿಂವ್ ಚಿಂವ್ ಅಂತಿರೋದು?"

"ಹಕ್ಕಿ ಅಮ್ಮ."

"ಎಂಥ ಹಕ್ಕಿ?"

ಯಜಮಾನರು ನನ್ನ ಮುಖ ನೋಡಿದರು. ಮುಂದಿನ ಮಾತು ಕಲಿತು ಬಂದಿರಲಿಲ್ಲ. "ಗಿನಿ..." ಎಂದು ಅಲ್ಲಿಗೇ ನಿಲ್ಲಿಸಿದರು.

ಅತ್ತೆಯ ಮುಖ ಹೂವಿನಂತೆ ಅರಳಿತು. "ಗಿಣಿಯಾ? ಅಯ್ಯೋ ನನ್ನಪ್ಪ! ತಾ ಇಲ್ಲಿ."

ಶಾಲೆಯಲ್ಲಿ ನಕಾರ ಣಕಾರದ ವ್ಯತ್ಯಾಸಕ್ಕಾಗಿ ನಮ್ಮ ಮೇಷ್ಟ್ರು ಎಷ್ಟೋ ಮಕ್ಕಳ ಕಿವಿ ಹಿಂಡಿದ್ದರು. ಅದರ ಮಹಿಮೆ ನನಗೆ ತಿಳಿದದ್ದು ಆವತ್ತು. ಯಜಮಾನರು ತಿದ್ದಲು ಬಾಯಿ ತೆರೆದರು. ನಾನು ಅಷ್ಟರಲ್ಲಿ ಒಂದು ಮರಿಯನ್ನು ಎತ್ತಿ ಅತ್ತೆಯ ಅಂಗೈಯಲ್ಲಿಟ್ಟಿದ್ದೆ. ಅವರು ಅದನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು. ಗಿನಿ ಮರಿಯ ಕೊಕ್ಕು ಕೆಂಪಗಿರುತ್ತದೆ, ಕಾಲೂ ಕೆಂಪಗಿರುತ್ತವೆ. ಇನ್ನೇನು ಬೇಕು?

"ಕೊಕ್ಕು ನೋಡು, ಎಷ್ಟು ಚಂದ ಕೆಂಪಗಿದೆ. ಹಸಿರು ಇನ್ನೂ ಬಂದಿಲ್ಲ ಅಲ್ವಾ?"

"ಮಳೆ ಮುಗಿದ ಮೇಲೆ ಬರುತ್ತಂತೆ ಅತ್ತೆ" ಎಂದೆ. ಆಪರೇಷನ್ನಿಗೂ ಹಸಿರಿಗೂ ಒಂದೇ ಗಡುವು ಕೊಟ್ಟೆನೆಂದು ಆಮೇಲೆ ಹೊಳೆಯಿತು.

ಅತ್ತೆಯ ತವರಿನಲ್ಲಿ ಹಿಂದೆ ಒಂದು ಗಿಣಿ ಇತ್ತಂತೆ. ಮನೆಗೆ ಯಾರು ಬಂದರೂ "ಬನ್ನಿ, ಕೂತ್ಕಳಿ" ಎನ್ನುತ್ತಿತ್ತಂತೆ. ಮದುವೆಯಾಗಿ ಬರುವಾಗ ಅದನ್ನು ಕಳಿಸಿಕೊಡಿ ಎಂದು ಅತ್ತು ಕರೆದರೂ ಅವರಪ್ಪ ಕೊಡಲಿಲ್ಲವಂತೆ. ಆ ಕೊರಗನ್ನು ಅವರು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರೆಂದು ನಮಗೆ ಗೊತ್ತೇ ಇರಲಿಲ್ಲ. ಇದನ್ನು ಕೇಳಿದ ಮೇಲೆ ನಿಜ ಹೇಳುವ ಧೈರ್ಯ ಗಂಡ ಹೆಂಡತಿ ಇಬ್ಬರಿಗೂ ಹೋಯಿತು. ನೀವೇ ಹೇಳಿ, ನೀನೇ ಹೇಳು ಎಂದು ಒಬ್ಬರನ್ನೊಬ್ಬರು ದೂಡಿಕೊಂಡು ಆ ಮಳೆಗಾಲ ಕಳೆದೆವು.

ಮರಿಗಳಿಗೆ ಥಂಡಿ ಆಗದು ಎಂದು ಗೋಡೌನಿನ ಮೂಲೆಯಲ್ಲಿ ಬಲ್ಬು ಹಾಕಿ ಇಟ್ಟಿದ್ದೆವು. ಅತ್ತೆ ಶಾಲು ಹೊದ್ದು ಅಲ್ಲೊಂದು ಕುರ್ಚಿ ಹಾಕಿಸಿಕೊಂಡರು. ನುಚ್ಚಕ್ಕಿ, ನೆನೆಸಿದ ರಾಗಿ, ಸಣ್ಣಗೆ ಹೆಚ್ಚಿದ ಸೊಪ್ಪು, ಎಲ್ಲ ಅವರ ಕೈಯಿಂದಲೇ. ಮರಿಗಳು ಗೆದ್ದಲು ತಿನ್ನುವ ವಿಷಯ ಮಾತ್ರ ಅವರ ಕಣ್ಣಿಗೆ ಬೀಳದಂತೆ ಯಜಮಾನರು ನೋಡಿಕೊಂಡರು. ಹುತ್ತದ ಮಣ್ಣನ್ನು ಡಬ್ಬಿಯಲ್ಲಿ ತಂದು, ಕಳ್ಳಸಾಗಣೆ ಮಾಡುವವರ ಹಾಗೆ ಅಂಗಿಯ ಒಳಗಿಟ್ಟುಕೊಂಡು ಒಳಗೆ ಹೋಗುತ್ತಿದ್ದರು. ಅತ್ತೆ ಗಂಟೆಗಟ್ಟಲೆ ಪಾಠ ಹೇಳುತ್ತಿದ್ದರು. "ಬನ್ನಿ, ಕೂತ್ಕಳಿ ಅನ್ನು. ಅನ್ನು ಮರಿ. ಶಿವ ಶಿವ ಅನ್ನು."

ಮರಿಗಳು ಬೆಳೆದು, ದನಿ ಒಡೆದು, ಕೊನೆಗೊಂದು ದಿನ ಮಾತಾಡಿಯೂ ಬಿಟ್ಟವು. ಗಿನಿ ಹೇಂಟೆಯ ಕೂಗು ಕೇಳಿದವರಿಗೆ ಗೊತ್ತು, ಅದರಲ್ಲಿ ಎರಡು ಸ್ವರ ಇರುತ್ತದೆ. ಮೊದಲನೆಯದು ಕೆಳಗೆ, ಎರಡನೆಯದು ಚಾವಣಿಗೆ. ಒಂದು ಶುರು ಮಾಡಿದರೆ ಉಳಿದವೂ ಸೇರಿಕೊಂಡು ಊರು ಹಾರಿಸುತ್ತವೆ.

"ಯಾ-ಕೆ! ಯಾ-ಕೆ! ಯಾ-ಕೆ!"

ಅತ್ತೆ ಕುರ್ಚಿಯಿಂದ ಎದ್ದೇ ಬಂದರು. "ಕೇಳಿದ್ಯೇನೇ? ಯಾಕೆ ಅಂತಾವೆ! ನಾನು ಹೇಳಿಕೊಟ್ಟಿದ್ದು ಬನ್ನಿ ಅಂತ, ಇವು ಯಾಕೆ ಅಂತಾವೆ. ಥೇಟ್ ನಿನ್ನ ಮಾವನೋರ ಬುದ್ಧಿ."

ಅಂದಿನಿಂದ ನಮ್ಮ ಗೇಟಿಗೆ ಯಾರು ಬಂದರೂ ಇದೇ ಪ್ರಶ್ನೆ. ಕರೆಂಟಿನವನು ಮೀಟರು ನೋಡಲು ಬಂದರೆ ಯಾಕೆ? ತೋಟದ ಮೇಸ್ತ್ರಿ ರಜೆ ಕೇಳಲು ಬಂದರೆ ಯಾಕೆ? ಮೇಸ್ತ್ರಿ ಒಂದು ದಿನ ಬೇಜಾರಾಗಿ, "ಹುಷಾರಿಲ್ಲ ಮಾರಾಯ್ತಿ, ಅದ್ಕೆ" ಎಂದು ಅವಕ್ಕೇ ಉತ್ತರ ಕೊಟ್ಟನಂತೆ.

ಪಕ್ಕದ ತೋಟದಲ್ಲಿ ಗೌಡರೊಬ್ಬರಿದ್ದಾರೆ. ನಮ್ಮ ಮನೆಗೆ ಮೊದಲಿನಿಂದಲೂ ಬಳಕೆ. ಅತ್ತೆಯನ್ನು ದೊಡ್ಡಮ್ಮ ಎಂದೇ ಕರೆಯುತ್ತಾರೆ. ನಮ್ಮ ಮಳ್ಳಾಟ ಗೊತ್ತಿದ್ದ ಹೊರಗಿನವರಲ್ಲಿ ಅವರೇ ಮೊದಲಿಗರು. ಹಲಸಿನ ಮರದ ಕೆಳಗೆ ನಿಂತವರು ಕಾಯಿ ಎಷ್ಟು ಬಲಿತಿದೆ ಎಂದು ತಟ್ಟಿ ನೋಡುವ ಹಾಗೆ ಅವರು ನಮ್ಮ ಹಕ್ಕಿಗಳನ್ನು ನೋಡುತ್ತಿದ್ದರು.

"ದೊಡ್ಡಮ್ಮ, ಗಿಣಿ ಭಾರೀ ದಪ್ಪ ಆಗಿದಾವಲ್ಲ. ಒಂದೊಂದು ಎರಡು ಕೇಜಿ ಬರಬಹುದು."

"ಗಿಣಿಯ ತೂಕ ನಿಮಗ್ಯಾಕೆ ಗೌಡ್ರೇ?" ಎಂದು ಅತ್ತೆ ಕೇಳಿದರೆ, "ಸುಮ್ಮನೆ, ಪ್ರೀತಿಗೆ" ಎಂದು ಎಂಜಲು ನುಂಗುತ್ತಿದ್ದರು.

ಮಳೆ ಹೊಳವಾದ ಮೇಲೆ ಅತ್ತೆಗೆ ಚಿಕ್ಕಮಗಳೂರಿನಲ್ಲಿ ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದರು. ಬಿಸಿಲು ನೋಡಬಾರದು, ಕಣ್ಣಿಗೆ ಡ್ರಾಪ್ಸ್ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಒಂದು ತೊಟ್ಟೂ ತಪ್ಪಿಸದೆ ಹಾಕಿದೆ. ಹಾಕುವಾಗೆಲ್ಲ ನನ್ನದೇ ಶಿಕ್ಷೆಗೆ ಹಗ್ಗ ಹೊಸೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಯಜಮಾನರಂತೂ ಆ ವಾರ ತೋಟದಲ್ಲಿ ಇಲ್ಲದ ಕೆಲಸ ಹುಡುಕಿಕೊಂಡರು.

ಕನ್ನಡಕ ತೆಗೆಯುವ ದಿನ ಬಂತು. ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ಕಾಫಿ ಕುಡಿದು, ಜಗಲಿಗೆ ಬಂದು ಸುತ್ತ ನೋಡಿದರು. ದಾಸವಾಳ ನೋಡಿದರು, ಕಣ ನೋಡಿದರು, "ಗೋಡೆಗೆ ಸುಣ್ಣ ಬಳಿದು ಎಷ್ಟು ವರ್ಷ ಆಯ್ತೇ?" ಎಂದರು. ಅಷ್ಟರಲ್ಲಿ ಹಿತ್ತಲಿನ ಕಡೆಯಿಂದ ಹಕ್ಕಿಗಳು ಸಾಲಾಗಿ ಬಂದವು. ಬೂದು ಮೈ, ಮೈತುಂಬ ಬಿಳಿ ಚುಕ್ಕೆ. ಬೋಳು ತಲೆ, ಅದರ ಮೇಲೊಂದು ಕೊಂಬು, ಗಲ್ಲದ ಎರಡೂ ಕಡೆ ಜೋತುಬಿದ್ದ ಕೆಂಪು ತೊಗಲು. ಎಲ್ಲಿಯೂ ಒಂದು ಚೂರು ಹಸಿರಿಲ್ಲ. ಮುಂದಿನದು ಅಂಗಳದ ನಡುವೆ ನಿಂತು ಕಾಲಿನಿಂದ ಮಣ್ಣು ಕೆದಕಿತು.

"ಇವೇನು?" ಎಂದರು ಅತ್ತೆ.

"ಗಿಣಿ ಅತ್ತೆ" ಎಂದೆ.

ಅತ್ತೆ ಹಕ್ಕಿಯ ಮೇಲಿದ್ದ ಹೊಸ ಕಣ್ಣನ್ನು ನಿಧಾನವಾಗಿ ನನ್ನ ಮೇಲಕ್ಕೆ ತಿರುಗಿಸಿದರು. ಮುಂದೆ ಏನಾಗುತ್ತಿತ್ತೋ ಶಿವನೇ ಬಲ್ಲ. ಅದೇ ಗಳಿಗೆಗೆ ಗೇಟಿನ ಹತ್ತಿರ ಆಟೋ ನಿಂತಿತು. ಚೀಲ, ಕೊಡೆ, ಹೊರನಾಡಿನ ಪ್ರಸಾದದ ಪೊಟ್ಟಣ ಹಿಡಿದು ಇಳಿದವರು ಯಜಮಾನರ ಸೋದರತ್ತೆ. ಅಂದರೆ ನಮ್ಮತ್ತೆಯ ನಾದಿನಿ. ಕಳಸದಲ್ಲಿ ಅವರ ಮನೆಯವರದು ಜವಳಿ ಅಂಗಡಿ. ಅತ್ತಿಗೆಯ ಕಣ್ಣು ಹೇಗಾಯಿತೋ ನೋಡಿಕೊಂಡು ಹೋಗಲು ಬಂದಿದ್ದರು. ನೋಡಿಕೊಂಡು ಹೋಗಲು ಬಂದರೆ ಅವರು ಸಾಮಾನ್ಯವಾಗಿ ಒಂದು ತಿಂಗಳು ನೋಡುತ್ತಾರೆ. ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಾರೆ, ಬಾಗಿಲ ಹಿಂದೆ ಬೆರಳಾಡಿಸಿ ಧೂಳು ನೋಡುತ್ತಾರೆ, ದೇವರ ಮನೆಯ ದೀಪದ ಬತ್ತಿ ದಪ್ಪವಾಯಿತು ಎನ್ನುತ್ತಾರೆ. ನಲವತ್ತು ವರ್ಷದಿಂದ ನಮ್ಮತ್ತೆ ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದವರು.

ಹಕ್ಕಿಗಳು ಕತ್ತೆತ್ತಿದವು. "ಯಾ-ಕೆ! ಯಾ-ಕೆ! ಯಾ-ಕೆ!"

ಸೋದರತ್ತೆ ಗೇಟಿನಲ್ಲೇ ನಿಂತರು. "ಅಯ್ಯೋ ಶಿವನೇ! ಅತ್ತಿಗೆ, ನಿಮ್ಮ ಮನೇಲಿ ಕೋಳಿಯಾ?"

ನಾನು ಕಣ್ಣು ಮುಚ್ಚಿಕೊಂಡೆ. ನಮ್ಮತ್ತೆ ಒಂದು ಉಸಿರು ಎಳೆದುಕೊಂಡರು. ಮಗ ಸೊಸೆ ಸೇರಿ ತನ್ನನ್ನು ಐದಾರು ತಿಂಗಳು ಮಂಗ ಮಾಡಿದರೆಂದು ಈ ನಾದಿನಿಯ ಎದುರು ಒಪ್ಪಿಕೊಳ್ಳುವುದಕ್ಕಿಂತ ಕಣ್ಣಿನ ಪೊರೆ ವಾಪಸ್ ಬರುವುದೇ ಅವರಿಗೆ ವಾಸಿ ಅನ್ನಿಸಿರಬೇಕು.

"ಕೋಳಿ ಯಾಕೆ ಆಗ್ತಾವೆ? ಗಿಣಿ" ಎಂದರು.

"ಗಿಣಿ ಹಸಿರಲ್ವಾ ಅತ್ತಿಗೆ?"

"ನಿಮ್ಮ ಕಳಸದಲ್ಲಿ ಹಸಿರಿರಬಹುದು. ಇದು ಬೇರೆ ಜಾತಿ. ಸರಿಯಾಗಿ ನೋಡು, ಮೈಗೆಲ್ಲ ವಿಭೂತಿ ಹಚ್ಚಿದ ಹಾಗಿಲ್ವಾ? ಶಿವನ ಗಿಣಿ ಅಂತಾರೆ ಇದಕ್ಕೆ. ಒಳಗೆ ಬಾ, ಕೈಕಾಲು ತೊಳ್ಕೋ."

ನಾನು ಕಣ್ಣು ಬಿಟ್ಟೆ. ಅಡುಗೆಮನೆಗೆ ಹೋದಾಗ ಅತ್ತೆ ಹಿಂದೆಯೇ ಬಂದು ನನ್ನ ಮೊಣಕೈ ಚಿವುಟಿದರು. "ನಿನ್ನ ವಿಚಾರಣೆ ಆಮೇಲೆ. ಅವಳು ಇರೋ ತನಕ ಇವು ಗಿಣಿ. ನಿನ್ನ ಗಂಡಂಗೂ ಹೇಳಿಡು, ಬಾಯಿ ತಪ್ಪೀತು."

ಗಿನಿ ಕೋಳಿಗೆ ಕೆಲವು ವಸ್ತುಗಳ ಮೇಲೆ ವಿಪರೀತ ಸಿಟ್ಟು. ಹೊಳೆಯುವುದರಲ್ಲಿ ತನ್ನದೇ ಮುಖ ಕಂಡರೆ ಜಗಳಕ್ಕೆ ನಿಲ್ಲುತ್ತದೆ. ಕಪ್ಪು ಕೊಡೆ ಬಿಚ್ಚಿದರಂತೂ ಗಿಡುಗ ಇಳಿಯಿತೆಂದೇ ಅದರ ನಂಬಿಕೆ. ಸೋದರತ್ತೆ ಬಿಸಿಲಿರಲಿ ಇಲ್ಲದಿರಲಿ ಕೊಡೆ ಬಿಟ್ಟು ಅಂಗಳಕ್ಕಿಳಿಯುವವರಲ್ಲ. ಮೊದಲ ಸಲ ಅವರು ಕೊಡೆ ಬಿಚ್ಚಿದಾಗ ಎದ್ದ ಗಲಾಟೆಗೆ ಕೂಲಿಯವರ ಲೈನುಮನೆಗಳಿಂದ ಕೆಲಸದವರು ಓಡಿಬಂದರು. ಹಕ್ಕಿಗಳು ರೆಕ್ಕೆ ಕೆದರಿಕೊಂಡು, ಕತ್ತು ಮುಂದೆ ಚಾಚಿ, ಅವರನ್ನು ತುಳಸಿಕಟ್ಟೆಯ ಸುತ್ತ ಎರಡು ಸುತ್ತು ಓಡಿಸಿದವು. ಕಚ್ಚಲಿಲ್ಲ, ಮುಟ್ಟಲೂ ಇಲ್ಲ. ಬರೀ ವಿಚಾರಿಸಿದವು, ಯಾಕೆ, ಯಾಕೆ ಎಂದು.

ಜಗಲಿಯಲ್ಲಿ ನಿಂತು ಇದನ್ನು ನೋಡುತ್ತಿದ್ದ ನಮ್ಮತ್ತೆಯ ಮುಖವನ್ನು ನಾನು ಮರೆಯಲಾರೆ. ಹೊಸ ಕಣ್ಣಿಗೆ ಸಿಕ್ಕ ಮೊದಲ ಒಳ್ಳೆಯ ನೋಟ ಅದು.

ಮಾರನೇ ದಿನದಿಂದ ಅವರಿಗೆ ನಾದಿನಿಯ ಆರೋಗ್ಯದ ಮೇಲೆ ಎಲ್ಲಿಲ್ಲದ ಕಾಳಜಿ ಬಂತು. "ಬಿಸಿಲು ಜೋರಿದೆ ಕಣೇ, ಕೊಡೆ ತಗೊಂಡೇ ಹೋಗು." "ಮೋಡ ಆಗಿದೆ, ಕೊಡೆ ಮರೀಬೇಡ." "ಇಬ್ಬನಿ ತಲೆಗೆ ಒಳ್ಳೇದಲ್ಲ, ಬಿಚ್ಕೊಂಡೇ ಹೋಗು." ಸೋದರತ್ತೆ ಗೇಟಿನ ತನಕ ಹೋಗಬೇಕಾದರೂ ಯಜಮಾನರು ಕೋಲು ಹಿಡಿದು ಜೊತೆಗೆ ನಡೆಯಬೇಕಾಯಿತು.

ಎಲ್ಲಕ್ಕಿಂತ ದೊಡ್ಡದು ಬಚ್ಚಲುಮನೆಯದು. ಬಚ್ಚಲಿನ ಕಿಟಕಿಗೆ ಕಪ್ಪನೆಯ ಗಾಜು ಹಾಕಿಸಿದ್ದೇವೆ. ಹೊರಗೆ ಅದಕ್ಕೆ ತಾಗಿದಂತೆ ಸೌದೆ ಒಟ್ಟಿದೆ. ಸೋದರತ್ತೆ ಸ್ನಾನಕ್ಕೆ ಹೋದಾಗ ಒಂದು ಹೇಂಟೆ ಸೌದೆ ಹತ್ತಿ ನಿಂತು, ಗಾಜಿನಲ್ಲಿ ಕಂಡ ತನ್ನದೇ ಮುಖಕ್ಕೆ ಕುಕ್ಕಿತು.

ಒಳಗಿನಿಂದ ದನಿ ಬಂತು. "ಯಾರದು?"

ಟಕ್ ಟಕ್ ಟಕ್.

"ಯಾರದು ಅಂತ ಕೇಳಿದ್ದು! ಹೆಂಗಸರು ಸ್ನಾನ ಮಾಡ್ತಾ ಇದೀವಿ!"

"ಯಾ-ಕೆ?" ಎಂದಿತು ಹೇಂಟೆ.

ವಾರ ತುಂಬುವ ಮೊದಲೇ ಸೋದರತ್ತೆಗೆ ಕಳಸದ ಮನೆ, ಮೊಮ್ಮಕ್ಕಳು, ಅಂಗಡಿ ಎಲ್ಲ ಒಟ್ಟಿಗೆ ನೆನಪಾದವು. ಬಸ್ಸು ಹತ್ತಿಸಿ ಬಂದ ಯಜಮಾನರನ್ನೂ ನನ್ನನ್ನೂ ಅತ್ತೆ ಜಗಲಿಗೆ ಕರೆದರು. ಕೈಯಲ್ಲಿ ರಾಗಿಯ ಬಟ್ಟಲು ಇತ್ತು. ಹಕ್ಕಿಗಳು ಕಾಲ ಬಳಿ ಸೇರಿದ್ದವು.

"ಗಿಣಿ ಅಂತ ಮೊದಲು ಅಂದಿದ್ದು ಯಾರು?"

"ನೀವೇ ಅಮ್ಮ" ಎಂದರು ಯಜಮಾನರು. ನಿಜವೇ. ಆದರೆ ಕೆಲವು ನಿಜಗಳನ್ನು ಹೇಳಬಾರದು.

"ಓಹೋ, ನಾನೇ!" ಅತ್ತೆ ಒಂದು ಹಿಡಿ ರಾಗಿ ಚೆಲ್ಲಿದರು. "ಕುರುಡಿಗೆ ಮೋಸ ಮಾಡೋದು ಸುಲಭ ಅಲ್ವೇನೋ? ಇವಳು ಬೇರೆ, ಮಳೆ ಮುಗಿದ್ಮೇಲೆ ಹಸಿರು ಬರುತ್ತೆ ಅಂತಾಳೆ. ಇಷ್ಟು ತಿಂಗಳು ಇವಕ್ಕೆ ಶಿವ ಶಿವ ಹೇಳಿಕೊಟ್ಟೆನಲ್ಲೋ, ಲೈನಿನ ಹೆಂಗಸರು ಬಾಯಿಗೆ ಸೆರಗು ಯಾಕೆ ಹಿಡ್ಕೋತಿದ್ರು ಅಂತ ಈಗ ಗೊತ್ತಾಯ್ತು."

ನಾನು ತಲೆ ತಗ್ಗಿಸಿದೆ. ನಗು ಬರುತ್ತಿತ್ತು, ಅದಕ್ಕೂ ತಗ್ಗಿಸಿದೆ.

"ಆದರೆ ಒಂದು ತಿಳ್ಕೊಳಿ. ನಾನು ನನ್ನ ನಾದಿನಿಗೆ ಗಿಣಿ ಅಂತ ಹೇಳಿಯಾಗಿದೆ. ಆ ಮಾತು ಸುಳ್ಳಾಗೋದು ನಂಗೆ ಇಷ್ಟ ಇಲ್ಲ. ಇನ್ಮೇಲೆ ಈ ಕಾಂಪೌಂಡಿನ ಒಳಗೆ ಯಾರೂ ಇವನ್ನ ಕೋಳಿ ಅನ್ನಕೂಡದು."

ತೀರ್ಪು ಅಷ್ಟೇ. ಮೇಸ್ತ್ರಿ, ಲೆಕ್ಕ ಬರೆಯುವ ರೈಟರು, ಕಾಯಿ ಕೊಯ್ಯುವ ಹೆಂಗಸರು ಎಲ್ಲರೂ ಒಪ್ಪಿಕೊಂಡರು. ಕಾಫಿ ಕೊಯ್ಲಿನ ಆ ಹಂಗಾಮಿನಲ್ಲಿ, "ಅಮ್ಮಾ, ಗಿಣಿ ಕಣಕ್ಕೆ ಬಂದು ಒಣಹಾಕಿದ ಪಾರ್ಚ್‌ಮೆಂಟ್ ಕಾಫಿ ಕೆದಕ್ತಾ ಇದಾವೆ" ಎಂದು ದೂರು ಬಂದರೆ ಯಾರೂ ನಗುತ್ತಿರಲಿಲ್ಲ. ನಾಯಿಯ ಮೈಯ ಉಣುಗು ಕಡಿಮೆಯಾದದ್ದೂ ನಿಜ. ಅದು ಹಕ್ಕಿಯಿಂದಲೋ ಔಷಧಿಯಿಂದಲೋ ಎಂದು ಕೇಳಿದರೆ ಯಜಮಾನರಿಗೆ ಸಿಟ್ಟು ಬರುತ್ತದೆ.

ಕೊಯ್ಲು ಮುಗಿದು, ಹೂವಿನ ಮಳೆ ಬಿದ್ದು, ಕಾಫಿ ಅರಳಿ, ತೋಟವೆಲ್ಲ ಘಮ್ಮೆನ್ನುತ್ತಿದ್ದ ದಿನಗಳಲ್ಲಿ ಗೌಡರು ಬೇಲಿಯ ಹತ್ತಿರದ ಕಾಫಿ ಗಿಡದ ಬುಡದಲ್ಲಿ ಒಂದು ರಾಶಿ ಮೊಟ್ಟೆ ಕಂಡರು. ಓಡಿಬಂದು ಅತ್ತೆಗೇ ಹೇಳಿದರು.

"ದೊಡ್ಡಮ್ಮ, ನಿಮ್ಮ ಗಿಣಿ ಮೊಟ್ಟೆ ಇಟ್ಟಿದಾವೆ. ನಿಮಗ್ಯಾಕೆ ತಾಪತ್ರಯ, ನಾನು ತಗೊಂಡು ಹೋಗ್ತೀನಿ."

"ನಿಮ್ಮ ತಾಪತ್ರಯ ನಂಗೆ ಗೊತ್ತು ಗೌಡ್ರೇ. ಮುಟ್ಟಬೇಡಿ."

ನಾವು ಹೋಗಿ ನೋಡಿದೆವು. ಗಿನಿ ಹೇಂಟೆಗಳಿಗೆ ಇಡುವುದರಲ್ಲಿ ಇರುವ ಉತ್ಸಾಹ ಕೂರುವುದರಲ್ಲಿ ಇರಲಿಲ್ಲ. ಇಟ್ಟು, ಕೂಗಿ, ಊರೆಲ್ಲ ಸಾರಿ, ಮರೆತು ಹೋಗುತ್ತಿದ್ದವು. ಅತ್ತೆ ದಿನಾ ಹೋಗಿ ದೂರದಿಂದ ನೋಡಿ ಬರುತ್ತಿದ್ದರು. ಮುಟ್ಟುವಂತಿಲ್ಲ, ಬಿಡಲು ಮನಸ್ಸಿಲ್ಲ. ಕೊನೆಗೆ ಅವರೇ ಗೌಡರನ್ನು ಕರೆಸಿದರು.

"ನಿಮ್ಮ ಮನೇಲಿ ಕಾವಿಗೆ ಕೂತ ಹೇಂಟೆ ಇದೆಯಾ?"

ಗೌಡರ ಕಣ್ಣು ಮಿನುಗಿತು. "ಇದೆ ದೊಡ್ಡಮ್ಮ. ಆದ್ರೆ ಮರಿ ಆದ್ಮೇಲೆ ಒಂದು ಜೋಡಿ ದೊಡ್ಡದು ನಂಗೆ ಕೊಡಬೇಕು."

ಅತ್ತೆ ಬಹಳ ಹೊತ್ತು ಯೋಚಿಸಿ ಹೂಂ ಎಂದರು. ಹೀಗೆ ಕೆಂಪನೆಯ ನಾಟಿ ಹೇಂಟೆಯೊಂದು ಬುಟ್ಟಿಯಲ್ಲಿ ಕೂತು ನಮ್ಮ ಮನೆಗೆ ಬಂತು. ಇದಕ್ಕೆ ಏನು ಹೆಸರಿಡುತ್ತಾರೋ ನೋಡೋಣ ಎಂದು ನಾನು ಮೆಲ್ಲಗೆ ಕೆಣಕಿದೆ. "ಅತ್ತೆ, ಇದಂತೂ ಕೋಳಿಯೇ ಅಲ್ವಾ?"

"ಬಾಣಂತನಕ್ಕೆ ಬಂದವಳ ಜಾತಿ ಕೇಳ್ತಾರೇನೇ? ಹೋಗಿ ನೀರಿಡು" ಎಂದರು.

ಮರಿಗಳು ಒಡೆದು ಹೊರಬಂದ ವಾರವೇ ಮಠದಿಂದ ಫೋನು ಬಂತು. ಗುರುಗಳು ಈ ಕಡೆಯ ಭಕ್ತರ ಮನೆಗಳಿಗೆ ಬರುತ್ತಿದ್ದಾರೆ, ನಮ್ಮ ಮನೆಯಲ್ಲೂ ಪಾದಪೂಜೆ ಎಂದರು. ಅತ್ತೆ ಸಂತೋಷಕ್ಕೆ ಆಗಲೇ ಪೂಜೆಯ ತಂಬಿಗೆ ತಿಕ್ಕಲು ಕೂತರು. ಹಿಂದೆಯೇ ಇನ್ನೊಂದು ಸುದ್ದಿ ತಿಳಿದು ತಂಬಿಗೆ ಕೆಳಗಿಟ್ಟರು. ಸೋದರತ್ತೆ ಹಿಂದಿನ ವಾರ ಮಠಕ್ಕೆ ಹೋಗಿ, ನಮ್ಮ ಅತ್ತಿಗೆ ಮನೆಯಲ್ಲಿ ಕೋಳಿ ಸಾಕಿದ್ದಾರೆ, ಕೇಳಿದರೆ ಗಿಣಿ ಅಂತಾರೆ ಎಂದು ಗುರುಗಳ ಕಿವಿಗೆ ಹಾಕಿದ್ದರಂತೆ. ಪಾದಪೂಜೆಗೆ ತಾನೂ ಬರುತ್ತೇನೆ ಎಂದಿದ್ದರಂತೆ.

ಆವತ್ತು ಬೆಳಿಗ್ಗೆ ಹಕ್ಕಿಗಳನ್ನು ಗೋಡೌನಿಗೆ ಕೂಡುವುದೆಂದು ತೀರ್ಮಾನವಾಗಿತ್ತು. ಆದರೆ ಅವು ಮಲಗುವುದು ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರದ ತುದಿಯಲ್ಲಿ. ಯಜಮಾನರು ರಾಗಿ ಹಿಡಿದು ಕೆಳಗೆ ನಿಂತು, ಬಾ ಬಾ ಎಂದು ಬೇಡಿಕೊಂಡರು. ಅವು ಮೇಲಿನಿಂದ ಕತ್ತು ಓರೆ ಮಾಡಿ ನೋಡಿ, ಎದುರಿನ ಗುಡ್ಡದ ಕಡೆ ಹಾರಿಹೋದವು. "ಹೋಗ್ಲಿ ಬಿಡಿ, ಸಂಜೆ ತನಕ ಬರಲ್ಲ" ಎಂದೆ. ಬಾಣಂತಿಯನ್ನೂ ಮರಿಗಳನ್ನೂ ಬಚ್ಚಲಿನ ಹಿಂದೆ ಬುಟ್ಟಿಯ ಕೆಳಗೆ ಮುಚ್ಚಿಟ್ಟೆವು.

ಗುರುಗಳು ಬಂದರು. ನೀರಿನಂತೆ ಹೊಳೆಯುವ ಕಪ್ಪು ಕಾರು ಅಂಗಳದಲ್ಲಿ ನಿಂತಿತು. ಜಗಲಿಯಲ್ಲಿ ಪೀಠ, ಹೂವು, ಧೂಪ. ಮನೆತುಂಬ ಜನ. ಅತ್ತೆ ಗುರುಗಳ ಪಾದಕ್ಕೆ ನೀರು ಹಾಕುವಾಗ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಸೋದರತ್ತೆ ಮುಂದಿನ ಸಾಲಿನಲ್ಲಿ ಕೂತು ಅಂಗಳದ ಕಡೆಗೇ ಕಣ್ಣಿಟ್ಟಿದ್ದರು.

ಟಕ್ ಟಕ್ ಟಕ್ ಟಕ್.

ಕಾರಿನ ಬಾಗಿಲಿನಲ್ಲಿ ಅಪರಿಚಿತ ಹಕ್ಕಿಗಳ ದೊಡ್ಡ ದಂಡೇ ಕಂಡು, ನಮ್ಮವು ಯುದ್ಧಕ್ಕೆ ನಿಂತಿದ್ದವು. ಗುಡ್ಡದಿಂದ ಯಾವಾಗ ಇಳಿದು ಬಂದವೋ. ಡ್ರೈವರು ಟವೆಲು ಬೀಸುತ್ತ ಕಾರಿನ ಸುತ್ತ ಓಡುತ್ತಿದ್ದ. ಇಷ್ಟು ಸಾಲದೆಂದು ಬಾನೆಟ್ಟಿನ ಮೇಲೆ ಹತ್ತಿದ ಒಂದು ಹೇಂಟೆ ಜಗಲಿಯ ಕಡೆ ತಿರುಗಿ, ಗುರುಗಳನ್ನೇ ನೋಡುತ್ತ ತನ್ನ ಪ್ರಶ್ನೆ ಕೇಳಿತು.

"ಯಾ-ಕೆ?"

"ಬುದ್ಧಿ, ನಾನು ಹೇಳಿದ್ನಲ್ಲ, ಅವೇ!" ಎಂದರು ಸೋದರತ್ತೆ.

ಗುರುಗಳು ಹೊರಗೆ ನೋಡಿ, ಅತ್ತೆಯ ಕಡೆ ತಿರುಗಿದರು. "ಏನಮ್ಮ ಅವು?"

ನಾದಿನಿಯೆದುರು ಗಿಣಿ ಎನ್ನಬಹುದು, ಊರಿಗೆಲ್ಲ ಗಿಣಿ ಎನ್ನಬಹುದು. ಗುರುವಿನ ಪಾದಕ್ಕೆ ನೀರು ಹಾಕುತ್ತ ಹೇಗೆ ಎನ್ನುವುದು? ನಾನೇ ಮುಂದೆ ಬಂದು ಒಪ್ಪಿಕೊಳ್ಳಬೇಕು ಎನ್ನುವಷ್ಟರಲ್ಲಿ ಅತ್ತೆಯೇ ಬಾಯಿ ಬಿಟ್ಟರು.

"ಸೊಸೆ ಗಿಣಿ ಅಂತ ಕೈಗೆ ಕೊಟ್ಲು ಬುದ್ಧಿ. ಆಗ ನಂಗೆ ಕಣ್ಣು ಕಾಣ್ತಿರಲಿಲ್ಲ. ಗಿಣಿ ಅಂತಲೇ ಸಾಕಿದೆ. ಆಮೇಲೆ ಕಣ್ಣು ಬಂತು."

"ಕಣ್ಣು ಬಂದ ಮೇಲೆ?"

"ಕಣ್ಣು ಬಂದ ಮೇಲೆ ಬಿಡೋಕೆ ಮನಸ್ಸು ಬರಲಿಲ್ಲ ಬುದ್ಧಿ."

ಗುರುಗಳ ಗಡ್ಡ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ಪೀಠವೇ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಕ್ಕದ್ದು ಕಂಡು ಮನೆಯೆಲ್ಲ ನಕ್ಕಿತು. ಸೋದರತ್ತೆಯೂ ಬೇರೆ ದಾರಿಯಿಲ್ಲದೆ ಸ್ವಲ್ಪ ನಕ್ಕರು.

"ಸಾಕಿದ್ದರಲ್ಲಿ ಏನು ತಪ್ಪಮ್ಮ? ನೀವೇನು ತಿಂತೀರಾ?" ಎಂದು ಕೇಳಿ, ಸ್ವಲ್ಪ ತಡೆದು, "ಮಠದ ತೋಟದಲ್ಲಿ ಹಾವಿನ ಕಾಟ ಬಹಳ. ಇವು ಹಾವು ಕಂಡರೆ ಕೂಗ್ತಾವಂತೆ, ಹೌದಾ?" ಎಂದರು.

"ಹಾವಿಗೆ ಏನು ಬುದ್ಧಿ, ಎಲೆ ಬಿದ್ರೂ ಕೂಗ್ತಾವೆ."

"ಹಾಗಾದ್ರೆ ನಮಗೂ ನಾಲ್ಕು ಮರಿ ಕೊಡಿ."

ಗುರುಗಳು ಕೇಳಿದರೆ ಪ್ರಾಣವನ್ನೇ ಕೊಡುವ ನಮ್ಮತ್ತೆ, ಮರಿ ಕೊಡಲು ಒಂದು ಗಳಿಗೆ ತಡವರಿಸಿದರು. ಆಮೇಲೆ ಕೈಮುಗಿದು, ಬಹಳ ವಿನಯದಿಂದ ಕೇಳಿದರು.

"ಕೊಡ್ತೀನಿ ಬುದ್ಧಿ. ಮಠದ ಡ್ರೈವರು ಎಂಥದೆಲ್ಲ ತಿಂತಾನೆ?"

ನಾಲ್ಕು ಮರಿಗಳು ಸ್ವಲ್ಪ ಬಲಿತ ಮೇಲೆ ಮಠಕ್ಕೆ ಹೋದವು. ಡ್ರೈವರು ಲಿಂಗ ಮುಟ್ಟಿ ಆಣೆ ಮಾಡಿದ ಮೇಲೆಯೇ ಅತ್ತೆ ಪೆಟ್ಟಿಗೆ ಕೊಟ್ಟದ್ದು. ಉಳಿದ ಮರಿಗಳಲ್ಲಿ ಕೆಲವನ್ನು ಮುಂಗುಸಿ ಹಿಡಿಯಿತು. ಆ ಎರಡು ದಿನ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ.

ಗೌಡರ ಒಪ್ಪಂದವೂ ಇತ್ತಲ್ಲ. ಅತ್ತೆ ಮಾತಿಗೆ ತಪ್ಪುವವರಲ್ಲ. ಒಂದು ದೊಡ್ಡ ಜೋಡಿಯನ್ನು ಹಿಡಿಸಿ, ಗೌಡರ ನಾಟಿ ಹೇಂಟೆಯ ಜೊತೆ ಕಳಿಸಿದರು. ಕಳಿಸುವಾಗ ಗೌಡರ ಮುಖ ನೋಡಲಿಲ್ಲ, ಒಳಗೆ ಹೋಗಿ ದೇವರ ಮನೆಯಲ್ಲಿ ಕೂತರು. ಭಾನುವಾರಕ್ಕೆ ನೆಂಟರು ಬರುತ್ತಾರೆ, ಮಸಾಲೆ ಅರೆಯಲು ಹೇಳಿದ್ದೇನೆ ಎಂದು ಗೌಡರು ನನ್ನ ಕಿವಿಯಲ್ಲಿ ಹೇಳಿ ಹೋದರು. ಶನಿವಾರ ಮಧ್ಯಾಹ್ನ ಆ ಜೋಡಿ ಬೇಲಿ ನುಸುಳಿ, ಹಳ್ಳ ದಾಟಿ, ನಡೆದುಕೊಂಡೇ ನಮ್ಮ ಅಂಗಳಕ್ಕೆ ಬಂದವು. ಹಿಂದೆಯೇ ಗೌಡರು, ಕೈಯಲ್ಲಿ ಗೋಣಿಚೀಲ.

"ದೊಡ್ಡಮ್ಮ, ನಮ್ಮವು ಎರಡು ಇಲ್ಲಿ ಬಂದ್ವಾ?"

"ಇಲ್ಲಿ ಎಲ್ಲ ಒಂದೇ ಥರ ಕಾಣ್ತಾವೆ ಗೌಡ್ರೇ. ನಿಮ್ಮವು ಯಾವುದು ಅಂತ ನೀವೇ ಗುರುತು ಹಿಡಿದು ತಗೊಂಡು ಹೋಗಿ" ಎಂದರು ಅತ್ತೆ. ಕಣ್ಣಿನ ಡಾಕ್ಟರು ಕೇಳಿದ್ದರೆ ನೊಂದುಕೊಳ್ಳುತ್ತಿದ್ದರು.

ಗೌಡರು ಚೀಲ ಹಿಡಿದು ಅಂಗಳವೆಲ್ಲ ಓಡಾಡಿದರು. ಒಂದನ್ನು ಬೆನ್ನಟ್ಟಿದರೆ ಇನ್ನೊಂದು ನಡುವೆ ಬರುತ್ತಿತ್ತು. ಕಡೆಗೆ ಬೆವರೊರೆಸಿಕೊಂಡು ಜಗಲಿಯ ಮೇಲೆ ಕೂತರು. ಅತ್ತೆ ನನ್ನ ಕಡೆ ನೋಡಿ, "ಗೌಡ್ರಿಗೆ ಕಾಫಿ ತಾರೇ, ಬೆಲ್ಲ ಸ್ವಲ್ಪ ಜಾಸ್ತಿ ಹಾಕು" ಎಂದರು. ಆ ಭಾನುವಾರ ಗೌಡರ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡಿದರಂತೆ, ನೆಂಟರು ಚೆನ್ನಾಗಿತ್ತು ಎಂದು ಹೇಳಿ ಹೋದರಂತೆ.